ಟೀಚರಮ್ಮನ ಒಂದೇ ಒಂದು ಆಲ್ಬಮ್

ಅಮೆರಿಕದ ಟೆಕ್ಸಸ್ಸಿನಲ್ಲಿ, ಡ್ಯಾಲಸ್ ಮಗ್ಗುಲ ಪ್ಲೇನೋ, ಮರ್ಫಿ ಕಡೆಯ ರಸ್ತೆಗಳಲ್ಲಿ ನಲವತ್ತು ದಾಟಿದ ಕನ್ನಡದ ಹೆಂಗಸೊಬ್ಬಳು ಕಾರಿನಲ್ಲಿ ಒಬ್ಬಳೇ ಕೂತು ತುಟಿ ಅಲ್ಲಾಡಿಸುತ್ತ ಹೋಗುತ್ತಿದ್ದರೆ, ಅವಳು ಗಂಡನನ್ನು ಬೈಯುತ್ತಿದ್ದಾಳೆ ಎಂದೋ ದೇವರ ನಾಮ ಹೇಳಿಕೊಳ್ಳುತ್ತಿದ್ದಾಳೆ ಎಂದೋ ತಿಳಿಯಬೇಡಿ. "ಬಲಕ್ಕೆ ಬಿಳಿ ಕಾರು, ಮುಂದೆ ಸ್ಕೂಲ್ ಬಸ್ಸು, ಹಿಂದೆ ಲಾರಿ, ಇನ್ನೂ ದೂರ ಇದೆ" ಎಂದು ಕಂಡದ್ದನ್ನೆಲ್ಲ ಬಾಯಿಬಿಟ್ಟು ಹೇಳಿಕೊಂಡು ಹೋಗುತ್ತಿದ್ದಾಳೆ, ಅಷ್ಟೆ. ನಮಗೆಲ್ಲ ಹಾಗೆ ಓಡಿಸುವುದನ್ನು ಕಲಿಸಿದವರು ಟೀಚರಮ್ಮ. ಕಳೆದ ತಿಂಗಳು ಹ್ಯೂಸ್ಟನ್ನಿನಲ್ಲಿ ಅವರನ್ನು ಮಣ್ಣು ಮಾಡಿ ಬಂದೆವು.

ಅವರು ಕನ್ನಡದವರಲ್ಲ. ಹ್ಯೂಸ್ಟನ್ನಿನ ಕಪ್ಪು ಜನರ ಬಡಾವಣೆಯೊಂದರಲ್ಲಿ ಹುಟ್ಟಿ ಬೆಳೆದು, ಮದುವೆಯಾಗಿ ಡ್ಯಾಲಸ್ ಕಡೆಗೆ ಬಂದು, ಮದುವೆ ಮುರಿದ ಮೇಲೂ ಇಲ್ಲೇ ಉಳಿದವರು. 2012ರಲ್ಲಿ ನನಗೆ ಪರಿಚಯವಾದಾಗ ಅವರಿಗೆ ಐವತ್ತು ಹತ್ತಿರವಿತ್ತು. ಎತ್ತರದ ಆಳು, ಅಗಲ ಭುಜ, ವಾರದ ಏಳೂ ದಿನ ತಲೆಯ ಮೇಲೆ ಹ್ಯಾಟು. ಡ್ರೈವಿಂಗ್ ಕಲಿಸುವುದು ಅವರ ಕೆಲಸ. ಮರ್ಫಿಯಲ್ಲಿರುವ ಉಡುಪಿಯ ಆಂಟಿಯೊಬ್ಬರು ಮೊದಲು ಅವರ ಬಳಿ ಕಲಿತು, "ಹೆದರುವವರಿಗೆ ಇವರೇ ಸರಿ" ಎಂದು ವಾಟ್ಸಾಪ್ ಗುಂಪಿನಲ್ಲಿ ನಂಬರ್ ಹಾಕಿದರು. ನಾವೆಲ್ಲ ಸಾಲುಗಟ್ಟಿದೆವು. ಗುರುವನ್ನು ಹೆಸರು ಹಿಡಿದು ಕರೆಯಲು ನಮಗೆ ನಾಲಗೆ ಏಳಲಿಲ್ಲ, ಟೀಚರ್ ಎಂದೆವು. ಮರ್ಫಿ ಆಂಟಿ ಅದಕ್ಕೆ ಅಮ್ಮ ಸೇರಿಸಿದರು. ಅಮ್ಮ ಎಂದರೇನೆಂದು ಕೇಳಿ ತಿಳಿದುಕೊಂಡ ಅವರು, "ನನಗೆ ಮಕ್ಕಳೇ ಇರ್ಲಿಲ್ಲ. ಈಗ ಒಂದೇ ಸಲಕ್ಕೆ ಹನ್ನೆರಡು ಜನ, ಒಬ್ಬಳಿಗೂ ಬ್ರೇಕ್ ಎಲ್ಲಿದೆ ಅಂತ ಗೊತ್ತಿಲ್ಲ" ಎಂದರು. ಅವರು ಮಾತಾಡಿದ್ದೆಲ್ಲ ಇಂಗ್ಲಿಷಿನಲ್ಲಿ. ನನ್ನ ನೆನಪಿನಲ್ಲಿ ಮಾತ್ರ ಅದು ಕನ್ನಡವಾಗಿಯೇ ಕೂತುಬಿಟ್ಟಿದೆ, ಹಾಗೆಯೇ ಬರೆಯುತ್ತೇನೆ.

ಮೈಸೂರಿನ ಹೈಸ್ಕೂಲೊಂದರಲ್ಲಿ ಹದಿನಾಲ್ಕು ವರ್ಷ ವಿಜ್ಞಾನ ಕಲಿಸಿದವಳು ನಾನು. ನನ್ನನ್ನೂ ಜನ ಟೀಚರ್ ಎನ್ನುತ್ತಿದ್ದರು. ಗಂಡನ ಕಾಂಟ್ರ್ಯಾಕ್ಟ್ ಕೆಲಸದ ಬೆನ್ನಿಗೆ ಪ್ಲೇನೋಗೆ ಬಂದ ಮೇಲೆ ಒಂದು ಡಬ್ಬಿ ಹಾಲು ತರಬೇಕಿದ್ದರೂ ಅವರ ಮುಖ ನೋಡಬೇಕಾಯಿತು. ಡ್ರೈವಿಂಗ್ ಟೆಸ್ಟಿನಲ್ಲಿ ಎರಡು ಸಲ ಫೇಲಾದೆ. "ನೀನು ಫೇಲ್ ಮಾಡಿದ ಮಕ್ಕಳ ಶಾಪ ಕಣೇ" ಎಂದು ಗಂಡ ನಕ್ಕರೆ ನನಗೆ ಅಳು ಬರುತ್ತಿತ್ತು.

ಮೊದಲ ದಿನ ಟೀಚರಮ್ಮ ಕಾರು ಸ್ಟಾರ್ಟ್ ಮಾಡಲು ಹೇಳಲೇ ಇಲ್ಲ. ಪಕ್ಕದ ಸೀಟಿನಲ್ಲಿ ಕೂತು ಚಟ್ನಿಪುಡಿ ಉದುರಿಸಿದ ಬೇಯಿಸಿದ ಮೊಟ್ಟೆ ತಿನ್ನುತ್ತ (ಚಟ್ನಿಪುಡಿಯ ರುಚಿ ಹತ್ತಿಸಿದ್ದು ಮರ್ಫಿ ಆಂಟಿಯೇ), "ನಿನಗೆ ಯಾವುದರ ಹೆದರಿಕೆ?" ಎಂದು ಕೇಳಿದರು.

"ಫ್ರೀವೇಗೆ ಸೇರಿಕೊಳ್ಳೋದು" ಎಂದೆ.

"ಒಳ್ಳೇದು. ಎಲ್ಲದರ ಹೆದರಿಕೆ ಅನ್ನೋರಿಗೆ ಕಲಿಸೋದು ಕಷ್ಟ. ನಿಂದು ಒಂದೇ ಇದೆ."

ಆಮೇಲೆ ಅವರ ಪದ್ಧತಿ ಹೇಳಿದರು. ಕಣ್ಣಿಗೆ ಕಂಡದ್ದನ್ನು ಬಾಯಲ್ಲಿ ಹೇಳಬೇಕು. ಇಂಗ್ಲಿಷಿನಲ್ಲಿ ಬೇಡ, ಹೆದರಿದಾಗ ಯಾವ ಭಾಷೆಯಲ್ಲಿ ಕಿರುಚುತ್ತೀಯೋ ಅದೇ ಭಾಷೆಯಲ್ಲಿ. ನಾನು ಕನ್ನಡದಲ್ಲಿ ಶುರು ಮಾಡಿದರೆ ಅವರು ಡ್ಯಾಶ್‌ಬೋರ್ಡಿನ ಮೇಲೆ ಉಗುರಿನಿಂದ ಒಂದೇ ಸಮ ತಟ್ಟುತ್ತಿದ್ದರು, ಟಕ್ ಟಕ್ ಟಕ್. ಆ ತಾಳಕ್ಕೆ ನನ್ನ ಮಾತು ಬಂದು ಕೂರಬೇಕು. ಕನ್ನಡದ ಒಂದಕ್ಷರ ಬಾರದ ಆ ಹೆಂಗಸು, ನನ್ನ ತಾಳ ಒಂದಿಷ್ಟು ತಪ್ಪಿದ ಕೂಡಲೇ "ಅಲ್ಲಿ. ಆ ಮಾತಿನ ಹತ್ತಿರ ಹೆದರಿದೆ. ಏನದು?" ಎನ್ನುತ್ತಿದ್ದರು. ಲಾರಿ ಎನ್ನುತ್ತಿದ್ದೆ. ಪ್ರತಿ ಸಲವೂ ಅದು ಲಾರಿಯೇ.

ಫ್ರೀವೇಗೆ ಸೇರುವುದನ್ನು ಅವರು ಹೇಳಿಕೊಟ್ಟದ್ದು ಹೀಗೆ: "ಉಸಿರು ಎಲ್ಲಿ ತಗೋಬೇಕು ಅಂತ ಶುರು ಮಾಡೋಕೆ ಮುಂಚೆನೇ ನೋಡಿಟ್ಕೋ. ಮಧ್ಯದಲ್ಲಿ ಹುಡುಕಿದ್ರೆ ಸಿಗಲ್ಲ." ಹೆದ್ದಾರಿಗೆ ಸೇರಿಸುವ ಇಳಿಜಾರಿನ ತುದಿಯಲ್ಲಿ ಒಮ್ಮೆ ಉಸಿರು, ವೇಗ ಸಮ ಆದಾಗ ಒಮ್ಮೆ, ಲೇನಿನೊಳಗೆ ಕೂತ ಮೇಲೆ ಇನ್ನೊಮ್ಮೆ. ಹದಿನಾಲ್ಕು ವರ್ಷ ಪಾಠ ಮಾಡಿದ ನನಗೆ, ಹೆದರಿದವರ ಉಸಿರನ್ನು ಲೆಕ್ಕಕ್ಕೆ ತೆಗೆದುಕೊಂಡು ಕಲಿಸುವುದು ಹೊಳೆದೇ ಇರಲಿಲ್ಲ. ಇನ್ನೊಂದು ಮಾತು ಅವರ ಬಾಯಲ್ಲಿ ಸದಾ ಇರುತ್ತಿತ್ತು: "ತಪ್ಪು ಎಕ್ಸಿಟ್ ತಗೊಂಡೋರು ಯಾರೂ ಸಾಯಲ್ಲ. ಕೊನೇ ಗಳಿಗೇಲಿ ತಿದ್ದೋಕೆ ಹೋಗೋರು ಸಾಯ್ತಾರೆ." ಮೂರನೆಯ ಸಲಕ್ಕೆ ನಾನು ಪಾಸಾದೆ.

ಲೈಸೆನ್ಸ್ ಕೈಗೆ ಬಂದ ಮೇಲೂ ಪ್ರತಿಯೊಬ್ಬಳಿಗೂ ಒಂದು ಪಾಠ ಬಾಕಿ ಇರುತ್ತಿತ್ತು. ಶನಿವಾರ ಬೆಳಗ್ಗೆ ಹೊರಟು ದೂರದ ಊರಿಗೆ ಹೋಗಿ ಸಂಜೆಯೊಳಗೆ ವಾಪಸ್ಸು. ಕೆಲವರಿಗೆ ಹ್ಯೂಸ್ಟನ್, ಕೆಲವರಿಗೆ ಆಸ್ಟಿನ್. ನನ್ನ ಪಾಲಿಗೆ ಆಸ್ಟಿನ್ ಬಂತು. ನಾಲ್ಕು ಗಂಟೆ ನಾನೇ ಓಡಿಸಿದೆ. ಊರೊಳಗೆ ಬಂದ ಮೇಲೆ, "ಇಲ್ಲಿ ಪಾರ್ಕ್ ಮಾಡು" ಎಂದು ಹಳೆಯ ಗ್ರಾಮಫೋನ್ ರೆಕಾರ್ಡುಗಳನ್ನು ಮಾರುವ ಅಂಗಡಿಯೊಂದರ ಮುಂದೆ ನಿಲ್ಲಿಸಿದರು.

ಒಳಗೆ ಅವರಿಗೆ ದಾರಿ ಗೊತ್ತಿತ್ತು. ನೇರವಾಗಿ ರ‍್ಯಾಪ್ ಹಾಡುಗಳ ಗೂಡಿಗೆ ಹೋಗಿ, ಎರಡೂ ಕೈಯಿಂದ ಕವರುಗಳನ್ನು ಸರಸರ ತಿರುವಿ, ಒಂದನ್ನು ಹೊರಗೆಳೆದರು. ಹಿಂಬದಿ ತಿರುಗಿಸಿದರು. ಪರ್ಸಿನಿಂದ ಬಾಲ್‌ಪೆನ್ ತೆಗೆದರು. ಅಲ್ಲಿ ಅಚ್ಚಾಗಿದ್ದ ಒಂದು ಹೆಸರನ್ನು ಗೆರೆ ಎಳೆದು ಹೊಡೆದುಹಾಕಿ, ಅದರ ಮೇಲೆ ಶಾಲೆಯ ಹುಡುಗಿಯಂತೆ ದುಂಡಗೆ ಇನ್ನೊಂದು ಹೆಸರು ಬರೆದರು: ಡೆಲೋರಿಸ್. ಕವರನ್ನು ತೆಗೆದಲ್ಲೇ ಇಟ್ಟು ಹೊರಟರು.

ಅಂಗಡಿಯ ಯಜಮಾನ ನೋಡಿಬಿಟ್ಟಿದ್ದ. ನರೆತ ಜುಟ್ಟಿನವನು. ಕವರು ತಿರುಗಿಸಿ ಗೀಚಿದ್ದನ್ನು ನೋಡಿದ, ಮುಂಬದಿಯ ಫೋಟೋ ನೋಡಿದ, ಟೀಚರಮ್ಮನ ಮುಖ ನೋಡಿದ. ಸಿಟ್ಟೆಲ್ಲ ಇಳಿದುಹೋಗಿ, "ಇದು ನೀವೇ ಅಲ್ವಾ?" ಎಂದ.

"ಅಲ್ಲ" ಎಂದರು ಟೀಚರಮ್ಮ.

ನಾನು ಹಿಂದಿನಿಂದ ಬಗ್ಗಿ ನೋಡಿದೆ. ಅವರೇ. ಇಪ್ಪತ್ತೆರಡು ವರ್ಷದ, ಗಲ್ಲ ಮೇಲೆತ್ತಿ ನಿಂತ ನಮ್ಮ ಟೀಚರಮ್ಮ. ಪಕ್ಕದಲ್ಲಿ ಇನ್ನೊಬ್ಬ ಹುಡುಗಿ, ಹ್ಯಾಟನ್ನು ಮುಖದ ಮೇಲೆ ಎಳೆದುಕೊಂಡಿದ್ದಾಳೆ, ಮೂಗಿನ ಕೆಳಗಷ್ಟೇ ಕಾಣುತ್ತದೆ. ಹೊಡೆದುಹಾಕಿದ ಹೆಸರೂ ಟೀಚರಮ್ಮನದೇ. ಪದಗಳನ್ನು ಬರೆದವರು ಎಂಬ ಜಾಗದಲ್ಲಿ ಅದು ಇತ್ತು.

ವಾಪಸ್ಸು ಬರುವಾಗ ಟ್ರಾಫಿಕ್ ನಿಂತುಹೋದ ಕಡೆ ಅವರೇ ಶುರು ಮಾಡಿದರು. ರ‍್ಯಾಪ್‌ಗೆ ಸುವರ್ಣಕಾಲ ಎಂದು ತಿಳಿದವರು ಈಗ ಹೇಳುವ ಎಂಬತ್ತರ ದಶಕದ ಕೊನೆಯ ದಿನಗಳು ಅವು. ಹಾಡುವವರೆಲ್ಲ ಗಂಡಸರು, ಅದೂ ದೂರದ ದೊಡ್ಡ ಊರುಗಳವರು. ಟೆಕ್ಸಸ್ಸಿನ ಹುಡುಗಿಯನ್ನು ಕೇಳುವವರಿರಲಿಲ್ಲ. ಎರಡು ವರ್ಷ ದೊಡ್ಡವಳಾದ ಅಕ್ಕ ಡೆಲೋರಿಸ್ ಪದ ಬರೆದಳು, ತಂಗಿ ಹಾಡಿದಳು, ಹ್ಯೂಸ್ಟನ್ನಿನ ಸಣ್ಣದೊಂದು ಕಂಪನಿ ಅದನ್ನು ಆಲ್ಬಮ್ ಮಾಡಿತು. ಡೆಲೋರಿಸ್ ಚರ್ಚಿನ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಪಾಠ ಹೇಳುತ್ತಿದ್ದಳು. ಅಲ್ಲಿ ಇಂಥ ಹಾಡೆಂದರೆ ಮೂಗು ಮುರಿಯುವವರೇ ಎಲ್ಲ. "ನನ್ನ ಹೆಸರು ಹಾಕ್ಬೇಡ, ಕೆಲಸ ಹೋಗುತ್ತೆ" ಎಂದವಳು ಅವಳೇ. ಫೋಟೋಗೂ ಹ್ಯಾಟು ಇಳಿಸಿಕೊಂಡೇ ನಿಂತಳು.

"ಅಲ್ಲೀತನಕ ತಪ್ಪು ಯಾರದೂ ಅಲ್ಲ" ಎಂದರು ಟೀಚರಮ್ಮ. "ಆಮೇಲೆ ರೇಡಿಯೋದವನು ಕರೆಸಿದ. ಇಷ್ಟು ಚೆನ್ನಾಗಿರೋ ಪದ ಯಾರು ಬರೆದದ್ದು ಅಂತ ಕೇಳಿದ. ಒಬ್ಬ ಫ್ರೆಂಡ್ ಬರೆದಳು ಅನ್ನಬಹುದಿತ್ತು. ಹೇಳಲ್ಲ ಅನ್ನಬಹುದಿತ್ತು. ನಾನು 'ನಾನೇ' ಅಂದೆ. ಅವನು ಆಹಾ ಅಂದ. ನನಗೆ ಹಿತವಾಯ್ತು."

ಡೆಲೋರಿಸ್ ಮನೆಯಲ್ಲಿ ಬಟಾಣಿ ಬಿಡಿಸುತ್ತ ಅದೇ ರೇಡಿಯೋ ಕೇಳುತ್ತಿದ್ದಳು. ತಂಗಿ ಮನೆಗೆ ಬಂದಾಗ, "ದನಿ ಚೆನ್ನಾಗಿ ಬಂತು" ಎಂದಳಂತೆ. ಅದರ ಮೇಲೆ ಇನ್ನೊಂದು ಮಾತಿಲ್ಲ. ಮತ್ತೊಂದು ಸಾಲನ್ನೂ ಅವಳು ಬರೆಯಲಿಲ್ಲ. ಎರಡನೆಯ ಆಲ್ಬಮ್ ಯಾಕೆ ಬರಲಿಲ್ಲ ಎಂದು ಕೇಳಿದವರಿಗೆಲ್ಲ ಟೀಚರಮ್ಮ ಒಂದೊಂದು ಕಾರಣ ಹೇಳಿದರು. ನಿಜವಾದ ಕಾರಣ, ಬರೆಯುವವಳು ನಿಲ್ಲಿಸಿದ್ದಳು. ಅಕ್ಕ ತಂಗಿ ಅಡುಗೆ, ಮದುವೆ, ಮನೆಯ ಬಾಡಿಗೆ ಎಲ್ಲ ಮಾತಾಡಿಕೊಂಡರು, ಅದೊಂದನ್ನು ಬಿಟ್ಟು. ಮೂವತ್ತಾರಕ್ಕೆ ಡೆಲೋರಿಸ್ ಕಿಡ್ನಿ ಕಾಯಿಲೆಯಲ್ಲಿ ತೀರಿಕೊಂಡಳು.

ಅವತ್ತಿನಿಂದ ಈ ಪೆನ್ನು. ಕಂಪನಿ ಎಂದೋ ಮುಚ್ಚಿಹೋಗಿತ್ತು, ತಿದ್ದಿ ಎಂದು ಕೇಳಲು ಯಾರೂ ಇರಲಿಲ್ಲ. ಡ್ಯಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಊರುಗಳ ಹಳೆಯ ರೆಕಾರ್ಡಿನ ಅಂಗಡಿಗಳಿಗೆ ಹೋಗಿ, ಸಿಕ್ಕಿದ ಪ್ರತಿ ಕವರಿನ ಮೇಲೂ ತನ್ನ ಹೆಸರು ಹೊಡೆದು ಅಕ್ಕನ ಹೆಸರು ಬರೆದು ಬರುತ್ತಿದ್ದರು. ನಮ್ಮ ದೂರದ ಪಾಠಗಳೆಲ್ಲ ಅದೇ ದಾರಿಯಲ್ಲಿ ಆಗುತ್ತಿದ್ದವು; ಉಳಿದವರಿಗೆ ಅಂಗಡಿಗೆ ಹೋಗುವುದಷ್ಟೇ ಗೊತ್ತಿತ್ತು, ಕಾರಣ ಹೇಳಿದ್ದು ನನಗೊಬ್ಬಳಿಗೆ.

"ಎಲ್ಲಾ ಅಂಗಡೀಲೂ ತಿದ್ದಿದೀನಿ" ಎಂದರು. "ಅಮ್ಮನ ಮನೆ ಗೋಡೆ ಮೇಲಿರೋದೊಂದು ಬಿಟ್ಟು."

ಅವರ ತಾಯಿ ಹ್ಯೂಸ್ಟನ್ನಿನಲ್ಲಿ ಒಬ್ಬರೇ ಇದ್ದರು. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ ಜೀವಮಾನವಿಡೀ ದುಡಿದವರು. ಮುಂದಿನ ಕೋಣೆಯಲ್ಲಿ ಆ ಕವರಿಗೆ ಕಟ್ಟು ಹಾಕಿಸಿ ತೂಗುಹಾಕಿದ್ದರು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು. "ಅಮ್ಮನಿಗೆ ಏನೂ ಗೊತ್ತಿಲ್ಲ. ಬೆಳಗ್ಗೆ ಕೆಲಸಕ್ಕೆ ಹೋದ್ರೆ ಸಂಜೆ ಬರೋರು. ನಾನೋ ಮದುವೆ ಮುರಿದವಳು, ಮಕ್ಕಳಿಲ್ಲದವಳು, ಊರವರಿಗೆ ಕಾರು ಕಲಿಸೋಳು. ಆ ಕವರ್ ಬಿಟ್ರೆ ನನ್ನ ಬಗ್ಗೆ ಹೇಳ್ಕೊಳ್ಳೋಕೆ ಅಮ್ಮನ ಹತ್ತಿರ ಇನ್ನೇನಿದೆ ಹೇಳು? ಹೇಳಬೇಕು. ಹೇಳ್ತೀನಿ. ಇವತ್ತಲ್ಲ." ಮುಂದಿನ ಕಾರುಗಳು ಸರಿದವು. "ನೋಡ್ಕೊಂಡು ಓಡ್ಸು" ಎಂದರು.

ಮನೆಗೆ ಬಂದು ಮಗಳಿಗೆ ಹೇಳಿದೆ. ಹದಿನಾಲ್ಕರ ಹುಡುಗಿ; ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ. ಐದು ನಿಮಿಷದಲ್ಲಿ ಇಡೀ ಆಲ್ಬಮನ್ನು ಕಂಪ್ಯೂಟರಿನಲ್ಲಿ ಹುಡುಕಿ ಹಾಕಿದಳು. ಮೊದಲು ನನಗೆ ಬರೀ ಬಡಿತ ಕೇಳಿಸಿತು. ಎರಡನೆಯ ಸಲ ಮಗಳು ಪದಗಳನ್ನು ಬಿಡಿಸಿ ಹೇಳಿದಳು. ಒಂದು ಹಾಡು ಬಸ್ ಸ್ಟಾಪಿನಲ್ಲಿ ಕಾಯುವ ಹೆಂಗಸಿನದು. ಬಸ್ಸು ನಿಲ್ಲಿಸುವ ರೀತಿಯಲ್ಲೇ ಡ್ರೈವರ್ ಯಾರು, ಅವನ ಮನೆಯಲ್ಲಿ ಇವತ್ತು ಜಗಳವಾಗಿದೆಯೇ ಇಲ್ಲವೇ ಎಂದು ಅವಳು ಹೇಳಬಲ್ಲಳು. ನಮ್ಮ ಹಳೆಯ ಪದ್ಯಗಳಲ್ಲಿ ಪ್ರಾಸ ಸಾಲಿನ ಎರಡನೆಯ ಅಕ್ಷರದಲ್ಲಿ ಕೂತರೆ ಇಲ್ಲಿ ಸಾಲಿನ ಹೊಟ್ಟೆಯ ತುಂಬ ಪ್ರಾಸ. ಅದನ್ನು ಟೀಚರಮ್ಮ ಒಂದೇ ಉಸಿರಿಗೆ, ಎಲ್ಲೂ ತಡವರಿಸದೆ ಹೇಳಿಕೊಂಡು ಹೋಗುತ್ತಾರೆ. "Amma, she's actually really good" ಎಂದಳು ಮಗಳು. ಯಾರನ್ನು ಹೊಗಳಿದೆ, ಬರೆದವಳನ್ನೋ ಹಾಡಿದವಳನ್ನೋ ಎಂದು ನಾನು ಕೇಳಲಿಲ್ಲ.

ಇನ್ನು ನನ್ನ ತಪ್ಪಿಗೆ ಬರಬೇಕು. ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಕನ್ನಡ ಸಂಘದಲ್ಲಿ ಯುಗಾದಿಗೆ ಸನ್ಮಾನ ಇದ್ದೇ ಇರುತ್ತದೆ. ಯಾರಿಗಾದರೂ ಶಾಲು ಹೊದಿಸಿ ಪೇಟ ತೊಡಿಸದಿದ್ದರೆ ನಮ್ಮವರಿಗೆ ಹಬ್ಬದ ಊಟ ಇಳಿಯುವುದಿಲ್ಲ. ಇಷ್ಟು ಜನ ಹೆಂಗಸರನ್ನು ರಸ್ತೆಗಿಳಿಸಿದ ಟೀಚರಮ್ಮನಿಗೆ ಈ ಸಲ ಸನ್ಮಾನ ಎಂದು ನಾವು ಶಿಷ್ಯೆಯರು ಪಟ್ಟು ಹಿಡಿದೆವು. ಹಿಂದೆ ರ‍್ಯಾಪ್ ಹಾಡಿದವರು ಎಂದು ಗೊತ್ತಾದ ಮೇಲಂತೂ ಕಾರ್ಯದರ್ಶಿಗಳಿಗೆ ಹಿಗ್ಗೋ ಹಿಗ್ಗು. ಧಾರವಾಡದವರು, ಫ್ಲವರ್ ಮೌಂಡಿನಲ್ಲಿ ಮನೆ, ನಿವೃತ್ತ ಹೃದಯತಜ್ಞರು. ನಾವೆಲ್ಲ ಅಂಕಲ್ ಎನ್ನುತ್ತೇವೆ. ಟೀಚರಮ್ಮನಿಗೆ ತಿಳಿಸದೆ ಅವರ ಆಲ್ಬಮ್ಮಿನ ಕವರನ್ನೇ ದೊಡ್ಡ ಬ್ಯಾನರ್ ಮಾಡಿಸುವುದೆಂದು ನಿರ್ಧಾರವಾಯಿತು. ಫೋಟೋ ಕಳಿಸಿದವಳು ನಾನು.

ಹಿಂದಿನ ದಿನ ಪುಳಿಯೋಗರೆ ಗೊಜ್ಜು ಕಲಕುತ್ತಿದ್ದಾಗ ಅಂಕಲ್ ಫೋನ್ ಬಂತು. "ಏನ್ರಿ, ಫೋಟೋದಾಗ ಇಬ್ಬರು ಅದಾರಲ್ರಿ. ನಮ್ಮ ಟೀಚರ್ ಯಾರ್ರಿ?"

"ಬಲಗಡೆಯವರು, ಅಂಕಲ್."

"ಹಂಗಾದ್ರ ಎಡಗಡಿದಾಕಿನ್ನ ತಗದು ಬಿಡೂಣೇನ್ರಿ? ಮಾರಿ ಬ್ಯಾರೆ ಕಾಣವಲ್ದು. ಸನ್ಮಾನ ಒಬ್ಬರಿಗೆ, ಬ್ಯಾನರಿನ್ಯಾಗ ಇಬ್ಬರು ಅಂದ್ರ ಮಂದಿ ಕೇಳ್ತಾರ."

ಆ ಎಡಗಡೆಯವಳು ಯಾರೆಂದು ಸಂಘದಲ್ಲಿ ಗೊತ್ತಿದ್ದವಳು ನಾನೊಬ್ಬಳೇ. ವಿವರಿಸಬೇಕೆಂದರೆ ಎಲ್ಲವನ್ನೂ ಹೇಳಬೇಕು. ಸೌಟು ಕೈಯಲ್ಲಿತ್ತು, ಗೊಜ್ಜು ತಳ ಹಿಡಿಯುತ್ತಿತ್ತು. "ಹ್ಞೂಂ, ತೆಗೀರಿ ಅಂಕಲ್" ಎಂದೆ. ಅಷ್ಟು ಸುಲಭವಾಗಿ ಬಂತು ಆ ಮಾತು.

ಹೈಸ್ಕೂಲಿನ ಸಭಾಂಗಣ ಬಾಡಿಗೆಗೆ ಹಿಡಿದಿದ್ದೆವು. ಮಧ್ಯಾಹ್ನ ಟೀಚರಮ್ಮ ನೀಲಿ ಉಡುಪು, ನೀಲಿ ಹ್ಯಾಟು ಹಾಕಿಕೊಂಡು ಬಂದರು. ಮಕ್ಕಳ ಕೋಲಾಟ ಮುಗಿಯಿತು. ಅವರನ್ನು ವೇದಿಕೆಗೆ ಕರೆದು ಪರದೆ ಸರಿಸಿದಾಗ ಆಳೆತ್ತರದ ಬ್ಯಾನರು: ಇಪ್ಪತ್ತೆರಡರ ಟೀಚರಮ್ಮ, ಒಬ್ಬರೇ, ಎಡಗಡೆಯ ಅಂಚಿನಲ್ಲಿ ಯಾರದೋ ತೋಳಿನ ಚೂರು. ಸ್ಪೀಕರಿನಲ್ಲಿ ಬಸ್ ಸ್ಟಾಪಿನ ಹಾಡು. ಜನ ಚಪ್ಪಾಳೆ ತಟ್ಟಿದರು. ಅಂಕಲ್ ಶಾಲು ಹೊದಿಸಿದರು, ಹಾರ ಹಾಕಿದರು, ಹ್ಯಾಟಿನ ಮೇಲೆಯೇ ಮೈಸೂರು ಪೇಟ ಕೂರಿಸಿ ಕೈಗೆ ಮೈಕು ಕೊಟ್ಟರು. ಟೀಚರಮ್ಮ ಬ್ಯಾನರಿನಿಂದ ಕಣ್ಣು ತೆಗೆದಿರಲಿಲ್ಲ.

"ಥ್ಯಾಂಕ್ ಯೂ" ಎಂದರು. ಆಮೇಲೆ, "ನನ್ನ ಅಕ್ಕ ಎಲ್ಲಿ?" ಎಂದರು.

ನಮ್ಮವರು ಅತಿಥಿ ಸತ್ಕಾರದಲ್ಲಿ ಹಿಂದೆ ಬೀಳುವವರೇ! ಮೇಡಂ ಜೊತೆ ಬಂದವರು ಎಲ್ಲೋ ತಪ್ಪಿಸಿಕೊಂಡಿದ್ದಾರೆ ಎಂದುಕೊಂಡು ಇಬ್ಬರು ಕಾರಿಡಾರಿಗೆ ಓಡಿದರು, ಒಬ್ಬರು ಪಾರ್ಕಿಂಗಿಗೆ. ಅಂಕಲ್ ಗಾಬರಿಯಾಗಿ, "ಅವರ ಹೆಸರೇನು ಮೇಡಂ?" ಎಂದು ಕೇಳಿದರು. ಟೀಚರಮ್ಮ ಹೇಳಿದರು. ಅಂಕಲ್ ಮೈಕಿಗೆ ಬಾಯಿ ಹಚ್ಚಿ, ಸಭೆಗೆಂದೇ ಇಟ್ಟುಕೊಂಡ ಗಂಭೀರ ದನಿಯಲ್ಲಿ, "ಶ್ರೀಮತಿ ಡೆಲೋರಿಸ್ ಅವರು ಎಲ್ಲಿದ್ದರೂ ದಯವಿಟ್ಟು ವೇದಿಕೆಗೆ ಬರಬೇಕು" ಎಂದು ಮೂರು ಸಲ ಕೂಗಿದರು. ಕನ್ನಡದಲ್ಲಿ ಎರಡು ಸಲ, ಇಂಗ್ಲಿಷಿನಲ್ಲಿ ಒಂದು ಸಲ. ಸಭೆಯೆಲ್ಲ ಹಿಂತಿರುಗಿ ಬಾಗಿಲ ಕಡೆ ನೋಡಿತು. ನಾನು ಪಕ್ಕದಲ್ಲಿ ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದೆ. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಟೀಚರಮ್ಮ ಅಂಕಲ್ ಕೈ ಹಿಡಿದು, "ಬರ್ತಾ ಇದ್ಲು, ಆಗ್ಲಿಲ್ಲ" ಎಂದು ಹೇಳಿ ಮೆಲ್ಲಗೆ ವೇದಿಕೆ ಇಳಿದರು.

ಪಾರ್ಕಿಂಗಿನಲ್ಲಿ ಅವರ ಹಿಂದೆ ಓಡಿದೆ. ಆ ಫೋಟೋ ಕತ್ತರಿಸಲು ಹ್ಞೂಂ ಎಂದವಳು ನಾನೇ ಎಂದು ಹೇಳಿದೆ. ಬೈಯಲಿ ಎಂದು ಕಾದೆ. ಅವರು ಪೇಟವನ್ನು ತೆಗೆದು ಸೀಟಿನ ಮೇಲಿಟ್ಟು, ಸ್ಟೀರಿಂಗ್ ಹಿಡಿದು ಕೂತರು.

"ನೀನು ಅವಸರದಲ್ಲಿ ಮಾಡಿದೆ" ಎಂದರು. "ನಾನು ಇಷ್ಟಪಟ್ಟು ಮಾಡಿದೆ. ನನ್ನ ತಪ್ಪಿನ ಪಕ್ಕದಲ್ಲಿ ಬಂದು ನಿಂತ್ಕೋಬೇಡ." ಕಾರು ಸ್ಟಾರ್ಟ್ ಮಾಡಿದ ಮೇಲೆ ಕಿಟಕಿ ಇಳಿಸಿದರು. "ಡೆಲೋರಿಸ್‌ನ ಯಾವತ್ತೂ ಯಾರೂ ಸ್ಟೇಜ್ ಮೇಲೆ ಕರೆದಿರ್ಲಿಲ್ಲ. ನಿಮ್ಮ ಅಂಕಲ್ ಮೂರು ಸಲ ಕರೆದ." ಅವರ ಕಣ್ಣಲ್ಲಿ ನೀರಿತ್ತು. ನನ್ನ ಕಣ್ಣಲ್ಲೂ ಇತ್ತು.

ನಮ್ಮ ನಡುವೆ ಮುಚ್ಚುಮರೆ ಉಳಿಯದ್ದು ಆ ದಿನದಿಂದ. ನಾನು ಬಿಡುವಿನಲ್ಲಿ ಇಷ್ಟಿಷ್ಟು ಬರೆಯುತ್ತೇನೆಂದು ತಿಳಿದಾಗ, "ನನ್ನ ಬಗ್ಗೆ ಬರೆದ್ರೆ ನನ್ನ ಹೆಸರು ಹಾಕ್ಬೇಡ. ಬೇಡದ ಕಡೆ ಒಮ್ಮೆ ಅಚ್ಚಾಗಿದೆ, ಸಾಕು" ಎಂದಿದ್ದರು. ಹಾಗಾಗಿ ಹಾಕಿಲ್ಲ.

ತಾಯಿಗೆ ಎಂಬತ್ತೆಂಟಾದಾಗ ಅವರು ಡ್ಯಾಲಸ್ ಬಿಟ್ಟು ಹ್ಯೂಸ್ಟನ್ನಿಗೆ ಶಿಫ್ಟ್ ಆದರು. ಅಮ್ಮನನ್ನು ನೋಡಿಕೊಳ್ಳಲು ಎಂದು ಎಲ್ಲರಿಗೂ ಹೇಳಿದರು. ಹೇಳಬೇಕಾದ್ದನ್ನು ಹೇಳಲೂ ಹೋಗುತ್ತಿದ್ದಾರೆಂದು ನನಗೆ ಗೊತ್ತಿತ್ತು. ಹದಿನೈದು ದಿನಕ್ಕೊಮ್ಮೆ ಫೋನ್. ನಾನು ಕೊನೆಗೆ ಕೇಳುತ್ತಿದ್ದೆ, "ಹೇಳಿದ್ರಾ?" ಒಂದು ಸಲ ಅಮ್ಮನಿಗೆ ಜ್ವರ, ಒಂದು ಸಲ ಹಬ್ಬ, ಒಂದು ಸಲ ಅಮ್ಮ ನಗುನಗುತ್ತ ಇದ್ದರು, ಹಾಳು ಮಾಡಲು ಮನಸ್ಸು ಬರಲಿಲ್ಲ. ಊರವರ ಹೆದರಿಕೆಯನ್ನೆಲ್ಲ ಬಿಡಿಸಿದವರು ಒಂದು ಕೋಣೆ ದಾಟಿ ಹೋಗಿ ಅಮ್ಮನ ಮುಂದೆ ಬಾಯಿ ಬಿಡಲಾರದೆ ಎರಡು ವರ್ಷ ಕಳೆದರು. ಕೊನೆಯ ಸಲ ಮಾತಾಡಿದಾಗ, "ನಾನು ಹೇಳದೇ ಹೋದ್ರೆ ನೀನು ಹೇಳ್ತೀಯಾ?" ಎಂದರು. "ನೀವೇ ಹೇಳ್ತೀರಿ ಬಿಡಿ" ಎಂದು ನಾನು ನಕ್ಕುಬಿಟ್ಟೆ. ಆಗಲೇ ಎದೆನೋವು ಇತ್ತಂತೆ, ನನಗೆ ತಿಳಿಸಿರಲಿಲ್ಲ.

ಅವರ ಚಿಕ್ಕಮ್ಮನ ಮಗಳು ಫೋನ್ ಮಾಡಿ ಸುದ್ದಿ ಹೇಳಿದಳು. ಟೀಚರಮ್ಮನ ಫೋನಿನಲ್ಲಿ ನನ್ನ ನಂಬರಿನ ಮುಂದೆ ಹೆಸರಿರಲಿಲ್ಲವಂತೆ. 'ಪ್ಲೇನೋ, ಫ್ರೀವೇಗೆ ಸೇರುವುದು' ಎಂದು ಮಾತ್ರ ಇತ್ತಂತೆ. ನಮ್ಮೆಲ್ಲರನ್ನೂ ಅವರು ಹೆದರಿಕೆಯ ಹೆಸರಿನಲ್ಲೇ ಬರೆದಿಟ್ಟುಕೊಂಡಿದ್ದರು.

ನಾನು, ಮರ್ಫಿ ಆಂಟಿ, ಇನ್ನಿಬ್ಬರು ಹೊರಟೆವು. ಹ್ಯೂಸ್ಟನ್ನಿನವರೆಗೆ ನಾನೇ ಡ್ರೈವ್ ಮಾಡಿದೆ. ಚರ್ಚಿನ ಬಾಗಿಲಲ್ಲಿ ಬಿಳಿ ಕೈಗವಸು ಹಾಕಿದ ಹೆಂಗಸರು ಕೈಗೊಂದು ಪುಸ್ತಿಕೆ ಕೊಟ್ಟರು. ಅದರಲ್ಲಿ ಟೀಚರಮ್ಮನ ಬದುಕಿನ ಕಥೆ. ಮೂರನೆಯ ಸಾಲಿನಲ್ಲೇ ಇತ್ತು: ತಾನೇ ಬರೆದು ತಾನೇ ಹಾಡಿದ ಆಲ್ಬಮ್ಮಿನಿಂದ ಊರಿಗೆ ಹೆಸರು ತಂದವರು.

ಬಂದವರಲ್ಲಿ ಕೆಲವರು ಎರಡೆರಡು ನಿಮಿಷ ಮಾತಾಡುವ ಪದ್ಧತಿ ಅಲ್ಲಿ. ಶಿಷ್ಯೆಯರ ಪರವಾಗಿ ನನ್ನ ಹೆಸರು ಕರೆಯುವವರಿದ್ದರು. ಪುಸ್ತಿಕೆಯ ಆ ಸಾಲಿನ ಮೇಲೆ ಬೆರಳಿಟ್ಟುಕೊಂಡು ಕೂತ ನನ್ನನ್ನು ಮರ್ಫಿ ಆಂಟಿ ನೋಡಿದರು. ದಾರಿಯಲ್ಲಿ ಅವರಿಗೆ ಎಲ್ಲವನ್ನೂ ಹೇಳಿದ್ದೆ.

"ಸುಮ್ಮನಿರು ಮಾರಾಯ್ತಿ" ಎಂದು ಪಿಸುಗುಟ್ಟಿದರು. "ಸತ್ತವರ ಎದುರು ಅಂಥದ್ದೆಲ್ಲ ಹೇಳುವುದುಂಟಾ? ಅವರ ಅಮ್ಮ ಅಲ್ಲಿಯೇ ಕೂತಿದ್ದಾರೆ."

ಕೂತಿದ್ದರು. ಮೊದಲ ಸಾಲಿನಲ್ಲಿ, ಗಾಲಿಕುರ್ಚಿಯಲ್ಲಿ, ಹಕ್ಕಿಯಷ್ಟಾಗಿಹೋದ ಮುದುಕಿ. ಇಬ್ಬರು ಹೆಣ್ಣುಮಕ್ಕಳಲ್ಲಿ ಎರಡನೆಯವಳನ್ನೂ ಈವತ್ತು ಕಳಿಸಿಕೊಡುತ್ತಿದ್ದಾರೆ. ಇಂಥ ದಿನ, ಅವರು ಹೆಮ್ಮೆಪಡುತ್ತ ಬಂದ ಒಂದೇ ಒಂದು ಸಂಗತಿಯನ್ನೂ ನಾನು ಕಿತ್ತುಕೊಳ್ಳಬೇಕೇ? ಕಿತ್ತುಕೊಳ್ಳದಿದ್ದರೆ ಡೆಲೋರಿಸ್‌ಳನ್ನು ಎರಡನೆಯ ಸಲ ಕತ್ತರಿಸಿದ ಹಾಗೆ, ಈ ಸಲ ಗೊಜ್ಜಿನ ನೆಪವೂ ಇಲ್ಲ. ನನ್ನ ಹೆಸರು ಕರೆದಾಗಲೂ ತೀರ್ಮಾನ ಆಗಿರಲಿಲ್ಲ. ಎದ್ದು, ತೆರೆದ ಶವಪೆಟ್ಟಿಗೆಯ ಪಕ್ಕದ ವೇದಿಕೆ ಹತ್ತಿ ನಿಂತೆ.

ಟೀಚರಮ್ಮ ಕಲಿಸಿದ ರೀತಿ ಹೇಳಿದೆ. ನಮ್ಮ ಭಾಷೆಯಲ್ಲೇ ಮಾತಾಡಿಸುತ್ತಿದ್ದುದನ್ನು ಹೇಳಿದೆ. ಆ ಚರ್ಚಿನಲ್ಲಿ ಜನ ಸುಮ್ಮನೆ ಕೇಳುವುದಿಲ್ಲ. ನನ್ನ ಪ್ರತಿ ವಾಕ್ಯಕ್ಕೂ "ಯೆಸ್", "ಆಮೆನ್", "ಹೌದಮ್ಮಾ" ಎಂದು ಓಗೊಡುತ್ತಿದ್ದರು. ಆಮೇಲೆ ಹೇಳಿದೆ: "ಆಲ್ಬಮ್ಮಿನ ಪದಗಳನ್ನು ಇವರು ಬರೆದದ್ದಲ್ಲ. ಬರೆದವರು ಇವರ ಅಕ್ಕ ಡೆಲೋರಿಸ್. ಇದನ್ನು ತಾವೇ ಹೇಳಬೇಕೆಂದು ಇವರು ಬಹಳ ವರ್ಷ ಒದ್ದಾಡಿದರು. ಆಗಲಿಲ್ಲ."

ಆ ವಾಕ್ಯಕ್ಕೆ ಯಾರೂ ಓಗೊಡಲಿಲ್ಲ. ಇಳಿದು ಹೋಗೋಣವೆಂದರೆ ಮೊದಲ ಸಾಲಿನಿಂದ ಒಂದು ಕೈ ಮೇಲೆದ್ದಿತು.

"ಡೆಲೋರಿಸ್ ನನ್ನ ಅಡುಗೆಮನೆ ಮೇಜಿನ ಮುಂದೆ ಕೂತು ಬರೆದಳು" ಎಂದರು ಅವರ ತಾಯಿ. ದನಿ ಸಣ್ಣದಾಗಿದ್ದರೂ ಗಟ್ಟಿಯಾಗಿತ್ತು. "ಬೆಳಗ್ಗೆ ಕೆಲಸಕ್ಕೆ ಹೊರಡೋ ಮುಂಚೆ ನಾನೇ ಆ ಕಾಗದ ಎತ್ತಿಟ್ಟು ಮೇಜು ಒರೆಸ್ತಿದ್ದೆ. ಅಕ್ಷರ ಯಾವ ಮಗಳದು ಅಂತ ತಾಯಿಗೆ ಗೊತ್ತಾಗಲ್ವಾ? ಇವಳೇ ಬಂದು ಹೇಳ್ಲಿ ಅಂತ ಕಾಯ್ತಾ ಇದ್ದೆ. ಇಷ್ಟು ವರ್ಷ ಕಾದೆ."

ನನಗೆ ಟೀಚರಮ್ಮನ ಮೇಲೆ ಸಿಟ್ಟು ಬಂತು, ಅವರ ಅಮ್ಮನ ಮೇಲೂ ಬಂತು, ನಕ್ಕುಬಿಟ್ಟ ನನ್ನ ಮೇಲಂತೂ ತಡೆಯಲಾರದಷ್ಟು. ಒಂದೇ ಮನೆಯಲ್ಲಿ ಎರಡು ವರ್ಷ ಒಬ್ಬರು ಹೇಳಲು ಹೆದರುತ್ತ, ಇನ್ನೊಬ್ಬರು ಕೇಳಲು ಕಾಯುತ್ತ ಊಟ ಬಡಿಸಿಕೊಂಡು ಉಂಡಿದ್ದಾರೆ.

ತಾಯಿ ಕುರ್ಚಿಯನ್ನು ಮುಂದಕ್ಕೆ ತಳ್ಳಲು ಹೇಳಿದರು. ಪೆಟ್ಟಿಗೆಯ ಬಳಿ ಬಂದ ಮೇಲೆ ಇಬ್ಬರು ಹಿಡಿದು ಎಬ್ಬಿಸಿದರು. ನಾನು ಇನ್ನೂ ಅಲ್ಲೇ, ಎರಡು ಮೊಳ ದೂರದಲ್ಲಿ ನಿಂತಿದ್ದೆ. ಅವರು ಬಗ್ಗಿ ಮಗಳ ಹ್ಯಾಟನ್ನು ಸರಿಮಾಡಿ, ಕೆನ್ನೆಯ ಮೇಲೆ ಕೈಯಿಟ್ಟರು.

"ನನ್ನ ಹತ್ತಿರ ಹೇಳಾಯ್ತು ಮಗಳೇ" ಎಂದರು. "ಇನ್ನು ಹೋಗಿ ಅಕ್ಕನ ಹತ್ತಿರ ಹೇಳು."